ಪ್ರೋಟೀನ್ ಪುಡಿ ಯಾವುದರಲ್ಲಿ ಕಲಸಬೇಕು? ನೀರು, ಹಾಲು, ಮಜ್ಜಿಗೆ? (ಕಲಬುರಗಿ ಬಿಸಿಲು ಲೆಕ್ಕಕ್ಕೆ ತಗೊಂಡು ಹೇಳಿ)

ಸೇಡಂರಸ್ತೆ_ಹುಡುಗ
ನಮಸ್ಕಾರ ಎಲ್ಲರಿಗೂ. ಜಿಮ್ ಸೇರಿ ಎರಡೂವರೆ ತಿಂಗಳಾಯಿತು. ತೂಕ 58 ಕೆಜಿ, ಎತ್ತರ 5 ಅಡಿ 8 ಇಂಚು. ಜೋರು ಗಾಳಿ ಬಂದರೆ ಕಂಬ ಹಿಡಿದು ನಿಲ್ಲುವ ಪೈಕಿ. ಹೋದ ತಿಂಗಳು ಸಂಬಳ ಬಂದ ದಿನವೇ ಒಂದು ಕೆಜಿ ಚಾಕೊಲೇಟ್ ವೇ ಪ್ರೋಟೀನ್ ಡಬ್ಬಿ ತಂದೆ. ಅವತ್ತಿನಿಂದ ಮನೆಯಲ್ಲಿ ಅದರದ್ದೇ ಪಂಚಾಯ್ತಿ.

ಟ್ರೇನರ್ ನೀರಲ್ಲೇ ಕುಡಿ ಅನ್ನುತ್ತಾನೆ. ಕುಡಿದೆ. ಚಹಾದ ಪಾತ್ರೆ ತೊಳೆದ ನೀರಿಗೆ ಸಕ್ಕರೆ ಹಾಕಿದ ಹಾಗಿರುತ್ತದೆ. ಅವ್ವ ನೋಡಿ, "ಮನ್ಯಾಗ ಹಾಲು ಇಟ್ಕೊಂಡು ನೀರಾಗ ಯಾಕ ಕಲಸ್ತಿ? ನಾವೇನು ಬಡವರೇನು?" ಎಂದಳು. ಸರಿ ಅಂತ ಗೌಳಿ ಹಾಕುವ ಎಮ್ಮೆ ಹಾಲಿನಲ್ಲಿ ಕಲಸಿದೆ. ರುಚಿ ಮಸ್ತ್. ಆದರೆ ಜಿಮ್‌ನಲ್ಲಿ ಬೈಠಕ್ ಹೊಡೆಯುವಾಗ ಹೊಟ್ಟೆ ಹಲಗೆ ಬಾರಿಸುತ್ತದೆ, ತೇಗು ನಿಲ್ಲುವುದಿಲ್ಲ. ಮೊನ್ನೆ ಪಕ್ಕದವರು ಸುಮ್ಮನೆ ಎದ್ದು ಬೇರೆ ಬೆಂಚಿಗೆ ಹೋದರು.

ನೀರೋ, ಹಾಲೋ? ಇನ್ನೊಂದು ಪ್ರಶ್ನೆ, ಹೊರಗೆ 43 ಡಿಗ್ರಿ ಬಿಸಿಲು, ಮಜ್ಜಿಗೆಯಲ್ಲಿ ಕಲಸಿದರೆ ಏನಾಗುತ್ತದೆ? ನಗಬೇಡಿ, ಮಾಡಿ ನೋಡಿದವರಿದ್ದರೆ ಹೇಳಿ.

ಜಗತ್_ಸರ್ಕಲ್
ನೀರು. ಮುಗೀತು.

ಎಣ್ಣೆಗಾಯಿ
ನೀರಲ್ಲಿ ಕುಡಿಯುವವರು ರೊಟ್ಟಿಯನ್ನೂ ಪಲ್ಯ ಇಲ್ಲದೆ ತಿನ್ನುತ್ತಾರೆ ಅನಿಸುತ್ತದೆ. ಹಾಲೇ ಸರಿ ತಮ್ಮಾ.

ಶಹಾಬಾದ್_ಕಲ್ಲು
ಯಾವ ನೀರಲ್ಲಿ ಕಲಸಿದಿರಿ? ಬೋರಿನದ್ದಾ? ನಮ್ಮ ಕಡೆ ಬಹಳ ಕಡೆ ಬೋರ್ ನೀರು ಸವಳು. ಅದರಲ್ಲಿ ಚಹಾ ಮಾಡಿದರೇ ರುಚಿ ಕೆಡುತ್ತದೆ, ಇನ್ನು ಇದು ಕೆಡುವುದಿಲ್ಲವೇ? ಕುಡಿಯುವ ನೀರಲ್ಲಿ, ಅದೂ ಗಡಿಗೆಯ ತಣ್ಣನೆ ನೀರಲ್ಲಿ ಒಮ್ಮೆ ಕಲಸಿ ನೋಡಿ. ಮೊದಲು ನೀರು, ಆಮೇಲೆ ಪುಡಿ. ಉಲ್ಟಾ ಮಾಡಿದರೆ ತಳದಲ್ಲಿ ಗಂಟು ಕೂರುತ್ತದೆ. ಒಂದು ಸ್ಕೂಪಿಗೆ, ಅಂದರೆ ಡಬ್ಬಿಯೊಳಗಿನ ಅಳತೆ ಚಮಚಕ್ಕೆ, 200 ಎಂಎಲ್ ಸಾಕು. ನೀವು ಇಡೀ ಶೇಕರ್ (ಕುಲುಕಿ ಕಲಸುವ ಬಾಟಲಿ) ತುಂಬಿಸುತ್ತಿದ್ದರೆ ತೊಳೆದ ನೀರಿನ ರುಚಿಯೇ ಬರುವುದು.

ಸೇಡಂರಸ್ತೆ_ಹುಡುಗ
ಅಣ್ಣಾ, ಬೋರಿನ ನೀರೇ. ಶೇಕರ್ ಕೂಡ ಮೇಲಿನ ಗೆರೆವರೆಗೆ ತುಂಬಿಸುತ್ತಿದ್ದೆ 😅

ಡೇರಿ_ಓದಿದವ
ಓದಿದ್ದು ಡೇರಿ ಸೈನ್ಸ್, ಹೊಟ್ಟೆ ಹೊರೆಯುವುದೂ ಹಾಲಿನಿಂದಲೇ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ಹಾಲಿನ ಪ್ರೋಟೀನ್‌ನಲ್ಲಿ ನೂರಕ್ಕೆ ಸುಮಾರು 80 ಪಾಲು ಕೇಸಿನ್, ಉಳಿದ 20 ವೇ. ನಿಮ್ಮ ಡಬ್ಬಿಯಲ್ಲಿರುವುದು ಆ 20 ಪಾಲಿನದ್ದು. ಚೀಸ್ ಮಾಡುವಾಗ ಹಾಲು ಒಡೆದು ಗಟ್ಟಿ ಭಾಗ ತೆಗೆದ ಮೇಲೆ ತಿಳಿ ನೀರು ಉಳಿಯುತ್ತದಲ್ಲ, ಅದನ್ನೇ ಸೋಸಿ ಒಣಗಿಸಿದ ಪುಡಿ. ಅಂದರೆ ಅದು ಹುಟ್ಟಿದ್ದೇ ಹಾಲಿನಿಂದ. ಹಾಲಿಗೆ ಹಾಕಿದರೆ ತವರಿಗೆ ಕಳಿಸಿದ ಹಾಗೆ, ತಪ್ಪೇನಿಲ್ಲ.

ವ್ಯತ್ಯಾಸ ಇರುವುದು ಹೊಟ್ಟೆಯಲ್ಲಿ. ನೀರಲ್ಲಿ ಕಲಸಿದ ವೇ ಬೇಗ ಇಳಿದು ಹೋಗುತ್ತದೆ. ಹಾಲಲ್ಲಿ ಕಲಸಿದರೆ ಹಾಲಿನ ಕೇಸಿನ್ ಹೊಟ್ಟೆಯ ಹುಳಿಗೆ ಗಡ್ಡೆಕಟ್ಟಿ ನಿಧಾನ ಕರಗುತ್ತದೆ. ಜೊತೆಗೆ ಕೊಬ್ಬು. ನಂದಿನಿ ನೀಲಿ ಪ್ಯಾಕೆಟ್‌ನ ಟೋನ್ಡ್ ಹಾಲಲ್ಲಿ ಕೊಬ್ಬು 3%. ಒಂದು ಗ್ಲಾಸ್, ಅಂದರೆ 250 ಎಂಎಲ್‌ಗೆ ಪ್ರೋಟೀನ್ 8 ಗ್ರಾಮ್, ಕ್ಯಾಲೊರಿ 150ರ ಆಸುಪಾಸು. ಎಮ್ಮೆ ಹಾಲಲ್ಲಿ ಕೊಬ್ಬು 6-7%. ಅದೇ ಗ್ಲಾಸಿಗೆ ಕ್ಯಾಲೊರಿ 250ರ ಹತ್ತಿರ. ಇನ್ನು ಹಾಲಿನ ಸಕ್ಕರೆ ಲ್ಯಾಕ್ಟೋಸ್, ಗ್ಲಾಸಿಗೆ ಸುಮಾರು 12 ಗ್ರಾಮ್. ನಮ್ಮಲ್ಲಿ ಬಹಳ ಜನಕ್ಕೆ ದೊಡ್ಡವರಾದ ಮೇಲೆ ಇದನ್ನು ಅರಗಿಸುವ ಶಕ್ತಿ ಕಡಿಮೆಯಾಗುತ್ತದೆ. ಅರಗದೆ ದೊಡ್ಡ ಕರುಳಿಗೆ ಹೋದರೆ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ಗ್ಯಾಸ್ ಮಾಡುತ್ತವೆ. ನಿಮ್ಮ ಹಲಗೆ ಸದ್ದು ಅದೇ ಇರಬಹುದು.

ಡಬ್ಬಿ ಮೇಲೆ ಕಾನ್ಸಂಟ್ರೇಟ್ ಅಂತಿದೆಯೋ, ಐಸೋಲೇಟ್ ಅಂತಿದೆಯೋ ನೋಡಿ. ಕಾನ್ಸಂಟ್ರೇಟ್‌ನಲ್ಲಿ ಸ್ವಲ್ಪ ಲ್ಯಾಕ್ಟೋಸ್ ಉಳಿದಿರುತ್ತದೆ. ಐಸೋಲೇಟ್‌ನಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಆದರೆ ರೇಟ್ ಜಾಸ್ತಿ. ಅದನ್ನು ಕೊಳ್ಳುವ ಮೊದಲು ಖರ್ಚಿಲ್ಲದ ಪರೀಕ್ಷೆ ಇದೆ. ಎರಡು ದಿನ ಪುಡಿ ಬಿಟ್ಟು ಬರೀ ಹಾಲು ಕುಡಿಯಿರಿ. ಆಮೇಲೆ ಎರಡು ದಿನ ಹಾಲು ಬಿಟ್ಟು ನೀರಲ್ಲಿ ಪುಡಿ. ಕಳ್ಳ ಯಾರು ಅಂತ ಗೊತ್ತಾಗುತ್ತದೆ.

ಗರಡಿ_ಕಾಕಾ
ಇಷ್ಟು ಲೆಕ್ಕ ಹಾಕಿ ಹಾಲು ಕುಡಿಯುವ ಕಾಲ ಬಂತಲ್ಲಪ್ಪ. ನಾವು ತಾಲೀಮಿಗೆ ಹೋಗುವಾಗ ರಾತ್ರಿ ಬಾದಾಮಿ ನೆನೆಸಿ, ಬೆಳಿಗ್ಗೆ ಸಿಪ್ಪೆ ಸುಲಿದು, ಗಸಗಸೆ, ನಾಲ್ಕು ಕಾಳು ಮೆಣಸು ಹಾಕಿ ಕಲ್ಲಿನಲ್ಲಿ ಅರೆಯುತ್ತಿದ್ದೆವು. ಅರೆಯುವುದೇ ಅರ್ಧ ತಾಸಿನ ಕಸರತ್ತು. ಅದನ್ನು ಹಾಲಿಗೆ ಹಾಕಿ ಬಟ್ಟೆಯಲ್ಲಿ ಸೋಸಿ ಥಂಡಾಯಿ. ಕುಡಿದರೆ ಮಧ್ಯಾಹ್ನದವರೆಗೆ ಹಸಿವಿಲ್ಲ. ಯಾರಿಗೂ ಹಲಗೆ ಬಾರಿಸಲಿಲ್ಲ.

ಜಗತ್_ಸರ್ಕಲ್
ಕಾಕಾ, ಇಪ್ಪತ್ತು ಬಾದಾಮಿಗೆ ಬರುವುದು 5 ಗ್ರಾಮ್ ಪ್ರೋಟೀನ್. ಒಂದು ಸ್ಕೂಪಿಗೆ 24 ಗ್ರಾಮ್. ಬಾದಾಮಿ ರೇಟ್ ಸೂಪರ್ ಮಾರ್ಕೆಟ್‌ಗೆ ಹೋಗಿ ಕೇಳಿ ಬನ್ನಿ.

ಗರಡಿ_ಕಾಕಾ
ರೇಟ್ ಗೊತ್ತಿದೆ ತಮ್ಮಾ. ನಿನ್ನ ಡಬ್ಬಿಯ ರೇಟ್‌ನಲ್ಲಿ ಎರಡು ಕೆಜಿ ಬಾದಾಮಿ ಬರುತ್ತದೆ. ಜೊತೆಗೆ ನನಗೆ ರಟ್ಟೆ ಇದೆ, ನಿನಗೆ ಶೇಕರ್ ಇದೆ.

ಎಣ್ಣೆಗಾಯಿ
😂😂 ಕಾಕಾ ಒಂದು, ಸರ್ಕಲ್ ಸೊನ್ನೆ

ತೊಗರಿ_ಕಣಜ
ನಿಮಗೆಲ್ಲ ಒಂದು ಮಾತು ಕೇಳುತ್ತೇನೆ. ನಮ್ಮ ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಈ ನೆಲದ್ದೇ ಬೆಳೆ ಅನ್ನುವ ಸರ್ಕಾರಿ ಗುರುತು) ಸಿಕ್ಕಿದೆ. ದೇಶದ ಜನ ನಮ್ಮ ಬೇಳೆ ತರಿಸಿಕೊಂಡು ತಿನ್ನುತ್ತಾರೆ. ನಾವು ಇಲ್ಲಿ ಕೂತು ಡಬ್ಬಿ ಪುಡಿಯನ್ನು ಯಾವುದರಲ್ಲಿ ಕಲಸಬೇಕು ಅಂತ ಜಗಳ ಮಾಡುತ್ತಿದ್ದೇವೆ. 100 ಗ್ರಾಮ್ ಬೇಳೆಯಲ್ಲಿ 22 ಗ್ರಾಮ್ ಪ್ರೋಟೀನ್ ಇದೆ. ಶೇಂಗಾದಲ್ಲಿ 25. ಇದಕ್ಕಿಂತ ಇನ್ನೇನು ಬೇಕು?

ರಿಂಗ್‌ರೋಡ್_ರನ್ನರ್
ಬೇಳೆಯ ಮೇಲೆ ನನಗೂ ಅಭಿಮಾನ ಇದೆ. ಆದರೆ 100 ಗ್ರಾಮ್ ಅಂದರೆ ಹಸಿ ಬೇಳೆ. ಒಂದು ಬಟ್ಟಲು ಬೇಳೆ ಸಾರಿನಲ್ಲಿ 30 ಗ್ರಾಮ್ ಬೇಳೆ ಇದ್ದರೆ ಪುಣ್ಯ, ಅಂದರೆ ಆರೇಳು ಗ್ರಾಮ್ ಪ್ರೋಟೀನ್. ಮನೆಯ ಸಾರು ತೆಳ್ಳಗಿದ್ದರೆ ಅದೂ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರ ಲೆಕ್ಕದಲ್ಲಿ ಸಾಮಾನ್ಯ ಮನುಷ್ಯನಿಗೆ ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಮ್ ಬೇಕು. 58 ಕೆಜಿಗೆ 48 ಗ್ರಾಮ್. ಇದು ಊಟದಲ್ಲೇ ಬರುತ್ತದೆ. ತೂಕ ಎತ್ತಿ ಮೈ ಬೆಳೆಸುವವರಿಗೆ 1.6ರವರೆಗೆ ಹೇಳುತ್ತಾರೆ, ಅಂದರೆ 93 ಗ್ರಾಮ್. ಆ ಮಧ್ಯದ 45 ಗ್ರಾಮ್ ಬೇಳೆಯಿಂದಲೇ ತುಂಬಿಸಲು ಹೋದರೆ ತೇಗು ಅಲ್ಲ, ಬೇರೆ ಕಡೆಯಿಂದ ಗಾಳಿ ಬರುತ್ತದೆ.

ತೊಗರಿ_ಕಣಜ
ಅದು ನಿಜ. ಆದರೂ ಜೋಳದ ರೊಟ್ಟಿ ಜೊತೆ ಬೇಳೆ ತಿನ್ನುವುದನ್ನು ಬಿಡಬೇಡಿ. ಪ್ರೋಟೀನ್‌ನ ಒಂದು ಅಂಶವಾದ ಲೈಸಿನ್ ಜೋಳದಲ್ಲಿ ಕಡಿಮೆ, ಬೇಳೆಯಲ್ಲಿ ಜಾಸ್ತಿ. ನಮ್ಮ ಹಿರಿಯರು ಪಿಎಚ್‌ಡಿ ಮಾಡದೆ ಜೋಡಿಸಿಟ್ಟಿದ್ದಾರೆ. ನನ್ನ ವಾದ ಅಷ್ಟೇ.

ಬೀದರಿನವಳು
ಎಲ್ಲರೂ ಏನೇನೋ ಹೇಳುತ್ತಿದ್ದೀರಿ. ಒಬ್ಬರೂ ಕೇಳಲಿಲ್ಲ. ತಮ್ಮಾ, ಆ ಹಾಲಿನ ಶೇಕ್ ಯಾವಾಗ ಕುಡಿಯುತ್ತೀ, ಎಷ್ಟು ಕುಡಿಯುತ್ತೀ?

ಸೇಡಂರಸ್ತೆ_ಹುಡುಗ
ಅಕ್ಕಾ, ಬೆಳಿಗ್ಗೆ 5:30ಕ್ಕೆ ಎದ್ದ ಕೂಡಲೇ. 6 ಗಂಟೆಗೆ ಜಿಮ್. ಹಾಲು ಅವ್ವ ಹಾಕಿಕೊಡುತ್ತಾಳೆ, ದೊಡ್ಡ ಸ್ಟೀಲ್ ಲೋಟ. ಅರ್ಧ ಲೀಟರ್‌ಗೆ ಸ್ವಲ್ಪ ಕಡಿಮೆ ಇರಬಹುದು. ಮೇಲೆ ಕೆನೆ ಕೂಡ ಹಾಕುತ್ತಾಳೆ.

ಬೀದರಿನವಳು
ಅಯ್ಯೋ ಶಿವನೇ. ಅರ್ಧ ಲೀಟರ್ ಎಮ್ಮೆ ಹಾಲು, ಮೇಲೆ ಕೆನೆ, ಆಮೇಲೆ ಅರ್ಧ ತಾಸಿಗೆ ಬೈಠಕ್! ಎಮ್ಮೆಯ ಕರು ಕೂಡ ಹಾಲು ಕುಡಿದು ಸ್ವಲ್ಪ ಹೊತ್ತು ಮಲಗುತ್ತದೆ.

ಡೇರಿ_ಓದಿದವ
ನಾನು ಅಷ್ಟುದ್ದ ಬರೆದೆ, ಈ ಪ್ರಶ್ನೆ ಕೇಳಲೇ ಇಲ್ಲ. ಅಕ್ಕಾ ಹೇಳಿದ್ದೇ ಸರಿ. ಲ್ಯಾಕ್ಟೋಸ್ ಪರೀಕ್ಷೆ ಆಮೇಲೆ ಮಾಡಿ. ಮೊದಲು ಆ ಲೋಟವನ್ನು ಜಿಮ್ ಮುಗಿದ ಮೇಲಕ್ಕೆ ಸರಿಸಿ, ಅಳತೆ 250 ಎಂಎಲ್‌ಗೆ ಇಳಿಸಿ. ಜಿಮ್‌ಗೆ ಮುಂಚೆ ಬೇಕಿದ್ದರೆ ಒಂದು ಬಾಳೆಹಣ್ಣು ಸಾಕು. ತೂಕ ಏರಿಸಬೇಕಾದವರಿಗೆ ಹಾಲು ಒಳ್ಳೆಯದೇ, ಕ್ಯಾಲೊರಿ ಬೇಕಲ್ವಾ. ಹೊಟ್ಟೆ ಕರಗಿಸುವವರಿಗೆ ನೀರು. ಹಾಗಾಗಿ ಸರ್ಕಲ್ ಅಣ್ಣನಿಗೆ ನೀರು ಸರಿ ಇರಬಹುದು, ಈ ಹುಡುಗನಿಗೆ ಅದೇ ಸರಿ ಅಂತಲ್ಲ.

ಜಗತ್_ಸರ್ಕಲ್
ನನ್ನ ಹೊಟ್ಟೆ ನೀವು ಯಾವಾಗ ನೋಡಿದಿರಿ?

ಎಣ್ಣೆಗಾಯಿ
ಹಾಲು ಆಗದಿದ್ದರೆ ಕಬ್ಬಿನ ಹಾಲು ಇದೆಯಲ್ಲ! ಪಬ್ಲಿಕ್ ಗಾರ್ಡನ್ ಕಡೆ ಗಾಣದ ಮುಂದೆ ನಿಂತು, ಒಂದು ಸ್ಕೂಪ್ ಹಾಕಿ, ಮೇಲೆ ಶುಂಠಿ ನಿಂಬೆ.

ರಿಂಗ್‌ರೋಡ್_ರನ್ನರ್
ಒಂದು ಗ್ಲಾಸ್ ಕಬ್ಬಿನ ಹಾಲಲ್ಲಿ ಏಳೆಂಟು ಚಮಚ ಸಕ್ಕರೆ ಇರುತ್ತದೆ. ಹತ್ತು ಕಿಲೋಮೀಟರ್ ಓಡಿ ಬಂದವರಿಗೆ ಪರವಾಗಿಲ್ಲ. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ ದಿನಾ ಬೇಡ. ಎಳನೀರೂ ಕೇಳುತ್ತಾರೆ ಕೆಲವರು. ಅದು ತೆಳ್ಳಗಿರುತ್ತದೆ, ವೆನಿಲಾ ಪುಡಿ ಜೊತೆ ಚೆನ್ನಾಗಿ ಹೋಗುತ್ತದೆ. ಆದರೆ ನಮ್ಮೂರಿಗೆ ಎಳನೀರು ಲಾರಿಯಲ್ಲಿ ಬರಬೇಕು, ರೇಟ್ ಕೇಳಿದರೆ ಬಾಯಾರಿಕೆ ತಾನೇ ಹೋಗುತ್ತದೆ. ದನದ ಹಾಲಿಲ್ಲದೆ ಬರೀ ಬಾದಾಮಿ, ನೀರಿನಿಂದ ಮಾಡಿದ ಪ್ಯಾಕೆಟ್ ಬಾದಾಮಿ ಹಾಲು ಅಂತ ಮಾರುತ್ತಾರಲ್ಲ, ಅದರಲ್ಲಿ ಗ್ಲಾಸಿಗೆ ಒಂದು ಗ್ರಾಮ್ ಪ್ರೋಟೀನ್ ಸಿಕ್ಕರೆ ಹೆಚ್ಚು. ಸೋಯಾ ಹಾಲಲ್ಲಿ ಏಳೆಂಟು ಗ್ರಾಮ್ ಇರುತ್ತದೆ, ಹಾಲು ಆಗದವರಿಗೆ ಅದು ಒಳ್ಳೆಯದು.

ಸುರಪುರ_ಸವಾರ
ಯಾರಾದರೂ ಹಾಲಲ್ಲಿ ಕಲಸಿ ಹೊರಗೆ ಒಯ್ಯುತ್ತಿದ್ದರೆ ನನ್ನ ಕಥೆ ಕೇಳಿ.

ಹೋದ ವರ್ಷ ಮೇ ತಿಂಗಳು. ಸಂಜೆ ಆಫೀಸಿನಿಂದ ಸೀದಾ ಜಿಮ್‌ಗೆ ಹೋಗಬೇಕಿತ್ತು. ಬೆಳಿಗ್ಗೆಯೇ ಹಾಲಲ್ಲಿ ಪುಡಿ ಕಲಸಿ, ಶೇಕರ್ ಮುಚ್ಚಿ, ಸ್ಕೂಟರ್ ಡಿಕ್ಕಿಯಲ್ಲಿಟ್ಟೆ. ಗಾಡಿ ಇಡೀ ದಿನ ಬಿಸಿಲಲ್ಲಿ ನಿಂತಿತ್ತು. ಸಂಜೆ ಡಿಕ್ಕಿ ತೆಗೆದು ಶೇಕರ್ ಕೈಗೆತ್ತಿಕೊಂಡರೆ ಇಸ್ತ್ರಿ ಪೆಟ್ಟಿಗೆಯಂತೆ ಬಿಸಿ. ಮುಚ್ಚಳ ಉಬ್ಬಿದೆ. ಬುದ್ಧಿ ಇದ್ದವನು ಅಲ್ಲೇ ಎಸೆಯುತ್ತಿದ್ದ. ನಾನು ಒಂದು ಸಲ ಕುಲುಕಿ ಮೂತಿ ತೆಗೆದೆ. ಟಪ್ ಅಂತ ಸದ್ದು. ಕಂದು ಬಣ್ಣದ ನೊರೆ ಗಡ್ಡದಿಂದ ಹಿಡಿದು ಅಂಗಿಯ ಜೇಬಿನವರೆಗೆ. ವಾಸನೆ ಹೇಗಿತ್ತೆಂದರೆ, ಪಾರ್ಕಿಂಗ್‌ನಲ್ಲಿ ಮಲಗಿದ್ದ ನಾಯಿ ಎದ್ದು ಬಂದು ಮೂಸಿ ವಾಪಸ್ ಹೋಯಿತು. ಡಿಕ್ಕಿಯಲ್ಲಿ ಆರ್‌ಸಿ, ಇನ್ಶೂರೆನ್ಸ್ ಕಾಗದ ಎಲ್ಲ ಇತ್ತು. ಮುಂದಿನ ತಿಂಗಳು ಟ್ರಾಫಿಕ್ ಪೊಲೀಸರು ಗಾಡಿ ನಿಲ್ಲಿಸಿ ಆರ್‌ಸಿ ಕೈಗೆ ತಗೊಂಡು, ಮೂಗಿನ ಹತ್ತಿರ ತಂದು, ಏನೂ ಕೇಳದೆ "ಹೋಗ್ರಿ" ಎಂದರು.

ಈಗ ಪುಡಿ ಒಣದಾಗಿಯೇ ಸಣ್ಣ ಡಬ್ಬಿಯಲ್ಲಿ ಒಯ್ಯುತ್ತೇನೆ, ಅಲ್ಲೇ ನೀರು ಹಾಕುತ್ತೇನೆ.

ಡೇರಿ_ಓದಿದವ
ಆ ನಾಯಿಗೆ ಬುದ್ಧಿ ಇತ್ತು. ಕಲಸಿದ ಶೇಕ್ ಹೊರಗೆ ಎರಡು ತಾಸಿನ ಮೇಲೆ ಇಡಬಾರದು. ನಮ್ಮ ಬೇಸಿಗೆಯಲ್ಲಿ ಒಂದೇ ತಾಸು ಅಂತಿಟ್ಟುಕೊಳ್ಳಿ. ಬರೀ ನೀರಲ್ಲಿ ಕಲಸಿದರೂ ಅಷ್ಟೇ, ಪುಡಿ ಹಾಲಿನದ್ದೇ ತಾನೆ. ಶೇಕರ್ ವಾಸನೆಗೆ ಕಾರಣ ವೇ ಪ್ರೋಟೀನ್‌ನಲ್ಲಿರುವ ಗಂಧಕದ ಅಂಶ. ಕೊಳೆತರೆ ಕೆಟ್ಟ ಮೊಟ್ಟೆಯ ವಾಸನೆ ಬರುತ್ತದೆ. ಕುಡಿದ ಕೂಡಲೇ ನೀರು ಹಾಕಿ ಅಲುಗಾಡಿಸಿ ಚೆಲ್ಲಿ. ಹಿಡಿದ ವಾಸನೆಗೆ ಅಡುಗೆ ಸೋಡಾ ಹಾಕಿದ ಬಿಸಿ ನೀರು ಒಂದು ರಾತ್ರಿ ಬಿಡಿ, ಮುಚ್ಚಳ ತೆಗೆದು ಬಿಸಿಲಿಗಿಡಿ. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ.

ಬೀದರಿನವಳು
ನನ್ನದೊಂದು ಅನುಭವ, ಹೆಂಗಸರು ಇದ್ದರೆ ಗಮನವಿಟ್ಟು ಓದಿ. ನನಗೆ ಥೈರಾಯ್ಡ್ ಇದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಗುಳಿಗೆ. ಮಂಡಿ ನೋವಿಗೆ ಅಂತ ವ್ಯಾಯಾಮ ಶುರು ಮಾಡಿದಾಗ ಗುಳಿಗೆ ನುಂಗಿದ ಹದಿನೈದು ನಿಮಿಷಕ್ಕೆ ಹಾಲಲ್ಲಿ ಪ್ರೋಟೀನ್ ಕುಡಿಯತೊಡಗಿದೆ. ಮೂರು ತಿಂಗಳ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಟಿಎಸ್‌ಎಚ್ (ಥೈರಾಯ್ಡ್ ಗುಳಿಗೆ ಸಾಲದಿದ್ದರೆ ಏರುವ ಅಂಶ) ಏರಿದೆ. ಗುಳಿಗೆ ಒಂದು ದಿನವೂ ತಪ್ಪಿಸಿಲ್ಲ. ಡಾಕ್ಟರ್ ಬೆಳಗಿನಿಂದ ಏನೇನು ತಿನ್ನುತ್ತೀರಿ ಅಂತ ಕೇಳಿದಾಗ ಗೊತ್ತಾಯಿತು. ಹಾಲಿನ ಕ್ಯಾಲ್ಸಿಯಂ ಆ ಗುಳಿಗೆಯನ್ನು ಮೈಗೆ ಹತ್ತಲು ಬಿಡುವುದಿಲ್ಲ. ನಾಲ್ಕು ತಾಸು ಅಂತರ ಇಡಿ ಎಂದರು. ಈಗ ಸಂಜೆ ಕುಡಿಯುತ್ತೇನೆ. ಕಿಡ್ನಿ ತೊಂದರೆ ಇರುವವರಂತೂ ಡಾಕ್ಟರ್ ಕೇಳದೆ ಈ ಪುಡಿ ಮುಟ್ಟಲೇಬಾರದು, ಹಾಲಿರಲಿ ನೀರಿರಲಿ.

ಶಹಾಬಾದ್_ಕಲ್ಲು
ಇದು ನನ್ನ ಹೆಂಡತಿಗೆ ತೋರಿಸಬೇಕು. ಗುಳಿಗೆ ಆದ ಕೂಡಲೇ ಚಹಾ ಕುಡಿಯುತ್ತಾಳೆ. ಥ್ಯಾಂಕ್ಸ್ ಅಕ್ಕಾ.

ದರ್ಗಾ_ರೋಡ್
ನಮ್ಮ ಮನೆಯಲ್ಲಿ ರಂಜಾನ್ ತಿಂಗಳಲ್ಲಿ ಲೆಕ್ಕ ಹೀಗಿದೆ. ಸಹರಿಗೆ (ಬೆಳಗಾಗುವ ಮುಂಚಿನ ಊಟಕ್ಕೆ) ಹಾಲಲ್ಲಿ ಕಲಸಿ, ಎರಡು ಚಮಚ ಓಟ್ಸ್ ಹಾಕಿ. ನಿಧಾನ ಕರಗುವುದರಿಂದ ಮಧ್ಯಾಹ್ನದವರೆಗೆ ಹೊಟ್ಟೆ ಕೂಗುವುದಿಲ್ಲ. ಇಫ್ತಾರ್‌ಗೆ ಮೊದಲು ಖಜೂರ, ನೀರು. ತರಾವೀಹ್ (ರಂಜಾನ್‌ನ ರಾತ್ರಿ ನಮಾಜ್) ಮುಗಿಸಿ ಬಂದು ಜಿಮ್, ಆಮೇಲೆ ನೀರಲ್ಲಿ ಒಂದು ಸ್ಕೂಪ್. ಒಂದು ಡಬ್ಬಿಗೆ ಎರಡೂ ನಡೆಯುತ್ತದೆ, ಒಂದನ್ನೇ ಯಾಕೆ ಹಿಡಿದುಕೊಳ್ಳಬೇಕು?

ಎಣ್ಣೆಗಾಯಿ
ಒಂದು ಡೌಟ್. ಡೇರಿ ಅಣ್ಣ ಹೇಳಿದ್ದು ಓದಿದೆ. ಪುಡಿ ಅಂದರೆ ಒಡೆದ ಹಾಲಿನ ನೀರು ಅಂದ ಮೇಲೆ, ನಮ್ಮ ಮನೆಯಲ್ಲಿ ಪನೀರ್ ಮಾಡಿ ಆ ನೀರನ್ನು ಮೋರಿಗೆ ಚೆಲ್ಲುತ್ತೇವಲ್ಲ? ಅದನ್ನೇ ಕುಡಿದರೆ ಮೂರು ಸಾವಿರ ಉಳಿಯಿತು!

ಡೇರಿ_ಓದಿದವ
ಎಲ್ಲರೂ ಕೇಳುವ ಪ್ರಶ್ನೆ ಇದು. ಪನೀರ್‌ಗೆ ಹಾಲನ್ನು ಕುದಿಸಿ ಒಡೆಸುತ್ತೇವೆ. ಆ ಬಿಸಿಗೆ ವೇ ಪ್ರೋಟೀನ್‌ನ ದೊಡ್ಡ ಪಾಲು ಕೇಸಿನ್‌ಗೆ ಅಂಟಿ ಪನೀರ್ ಜೊತೆಗೇ ಹೋಗುತ್ತದೆ. ಉಳಿದ ನೀರಿನಲ್ಲಿ ಲೀಟರ್‌ಗೆ ಹತ್ತು ಗ್ರಾಮ್ ಕೂಡ ಇರುವುದಿಲ್ಲ. ಒಂದು ಸ್ಕೂಪಿನ ಲೆಕ್ಕ ತುಂಬಿಸಲು ನೀವು ಬಕೆಟ್ ಎತ್ತಿ ಕುಡಿಯಬೇಕು. ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸಲು, ಬೇಳೆ ಬೇಯಿಸಲು ಬಳಸಿ, ರುಚಿ ಬರುತ್ತದೆ.

ಜಗತ್_ಸರ್ಕಲ್
ಬಿಸಿ ಹಾಲಲ್ಲಿ ಕಲಸಿದರೆ ಪ್ರೋಟೀನ್ ಸತ್ತು ಹೋಗುತ್ತದಂತೆ, ನಿಜವಾ? ನಮ್ಮ ಜಿಮ್‌ನಲ್ಲಿ ಹೇಳುತ್ತಾರೆ.

ಡೇರಿ_ಓದಿದವ
ಸಾಯಲು ಅದಕ್ಕೆ ಜೀವ ಎಲ್ಲಿದೆ ಅಣ್ಣಾ. 70 ಡಿಗ್ರಿ ಮೇಲೆ ಅದರ ಆಕಾರ ಬದಲಾಗಿ ಗಂಟುಗಂಟಾಗುತ್ತದೆ, ಮೊಟ್ಟೆ ಬೆಂದ ಹಾಗೆ. ಬೆಂದ ಮೊಟ್ಟೆಯ ಪ್ರೋಟೀನ್ ನಷ್ಟವಾಯಿತಾ? ಇಲ್ಲವಲ್ಲ. ಕುಡಿಯಲು ಅಸಹ್ಯ ಅಷ್ಟೇ. ಚಹಾ ಕಾಫಿಗೆ ಹಾಕುವ ಆಸೆ ಇದ್ದರೆ ಮೊದಲು ಸ್ವಲ್ಪ ತಣ್ಣನೆ ಹಾಲಲ್ಲಿ ಕದಡಿ, ಆಮೇಲೆ ಉಗುರುಬೆಚ್ಚಗಿನದಕ್ಕೆ ಸುರಿಯಿರಿ.

ಗರಡಿ_ಕಾಕಾ
ಮಜ್ಜಿಗೆಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಹುಡುಗ ಕೇಳಿ ಎರಡು ದಿನವಾಯಿತು.

ರಿಂಗ್‌ರೋಡ್_ರನ್ನರ್
ಮಜ್ಜಿಗೆ ಹುಳಿ. ಹುಳಿಗೆ ಪುಡಿ ಒಡೆದು ಹೋಗುತ್ತದೆ ಅಲ್ವಾ?

ಡೇರಿ_ಓದಿದವ
ಹುಳಿಗೆ ಒಡೆಯುವುದು ಕೇಸಿನ್. ಮಜ್ಜಿಗೆಯಲ್ಲಿ ಅದು ಆಗಲೇ ಒಡೆದು ಕೂತಿದೆ, ಇನ್ನು ಒಡೆಯಲು ಏನಿದೆ? ತಣ್ಣನೆ ವೇ ಹುಳಿಗೆ ಅಷ್ಟಾಗಿ ಹೆದರುವುದಿಲ್ಲ. ಹಾಲಲ್ಲಿ ಕಲಸಿದ್ದಕ್ಕೆ ನಿಂಬೆ ಹಿಂಡಿದರೆ ಮಾತ್ರ ಒಡೆಯುತ್ತದೆ. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾ ಲ್ಯಾಕ್ಟೋಸ್ ತಿಂದು ಹುಳಿ ಮಾಡುತ್ತವೆ, ಮೇಲೆ ನೀರು ಬೇರೆ ಸೇರಿಸುತ್ತೇವೆ. ಹಾಗಾಗಿ ಹಾಲು ಆಗದ ಬಹಳ ಜನಕ್ಕೆ ಮಜ್ಜಿಗೆ ಆಗುತ್ತದೆ. ಲೆಕ್ಕ ಸರಿ ಇದೆ. ರುಚಿಯ ಜವಾಬ್ದಾರಿ ನನ್ನದಲ್ಲ.

ಸೇಡಂರಸ್ತೆ_ಹುಡುಗ
ವರದಿ ಒಪ್ಪಿಸಲು ಬಂದಿದ್ದೇನೆ.

ಭಾನುವಾರ ಚಾಕೊಲೇಟ್ ಪುಡಿಯನ್ನು ಮಜ್ಜಿಗೆಯಲ್ಲಿ ಕಲಸಿದೆ. ಅವ್ವ ಆ ಮಜ್ಜಿಗೆಗೆ ಮೊದಲೇ ಉಪ್ಪು, ಜೀರಿಗೆ, ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿಟ್ಟಿದ್ದಳು. ನನಗೆ ಗೊತ್ತಿರಲಿಲ್ಲ. ಬಣ್ಣ ಮಳೆಗಾಲದ ಭೀಮಾ ನದಿ. ಮೇಲೆ ಕೊತ್ತಂಬರಿ ಎಲೆ ತೇಲುತ್ತಿದೆ. ಒಂದು ಗುಟುಕು ಬಾಯಿಗೆ ಹೋಯಿತು, ಸಿಹಿ, ಹುಳಿ, ಖಾರ, ಚಾಕೊಲೇಟ್ ನಾಲ್ಕೂ ಒಟ್ಟಿಗೆ ಬಂದವು. ಹಿತ್ತಲಿಗೆ ಓಡಿದೆ. ಅವ್ವ ನಗುತ್ತಾ, "ಮಜ್ಜಿಗಿ ಹಾಳ ಮಾಡಿದೆಲ್ಲೋ" ಎಂದಳೇ ಹೊರತು ನಾನು ಬದುಕಿದ್ದೇನಾ ಅಂತ ಕೇಳಲಿಲ್ಲ.

ಸೋಲೊಪ್ಪಲಿಲ್ಲ. ಗೆಳೆಯನ ಹತ್ತಿರ ಫ್ಲೇವರ್ ಇಲ್ಲದ ಪುಡಿ ಇತ್ತು, ಎರಡು ಸ್ಕೂಪ್ ಸಾಲ ತಂದೆ. ಮಂಗಳವಾರ ಜಿಮ್ ಮುಗಿಸಿ ಬಂದು ತೆಳ್ಳನೆ ಮಜ್ಜಿಗೆಗೆ ಉಪ್ಪು, ಹುರಿದ ಜೀರಿಗೆ ಪುಡಿ ಹಾಕಿ ಕಡೆಗೋಲಿನಲ್ಲಿ ಕಡೆದೆ. ಶೇಕರ್‌ನಲ್ಲಿ ಬರೀ ನೊರೆ ಬರುತ್ತದೆ, ಕಡೆಗೋಲು ಬೆಸ್ಟ್. ಸ್ವಲ್ಪ ದಪ್ಪ ಅನಿಸಿತು, ಅಂಬಲಿಯಷ್ಟು. ಆದರೆ ನಿಜವಾಗಿ ಚೆನ್ನಾಗಿತ್ತು. ಹೊಟ್ಟೆ ಸುಮ್ಮನಿದೆ. ಎರಡನೇ ಸ್ಕೂಪಿಗೆ ಜೋಳದ ಅಂಬಲಿಯನ್ನೇ ಹಾಕಿದೆ, ಅದೂ ಆಗುತ್ತದೆ.

ಹಾಲು ಈಗ ರಾತ್ರಿ, ನೀಲಿ ಪ್ಯಾಕೆಟ್, ಒಂದು ಗ್ಲಾಸ್. ತೇಗು ನಿಂತಿದೆ. ಪಕ್ಕದವರು ಮತ್ತೆ ನನ್ನ ಬೆಂಚಿಗೆ ಬಂದಿದ್ದಾರೆ.

ಬೀದರಿನವಳು
ಕೆನೆ ಎಲ್ಲಿಗೆ ಹೋಯಿತು?

ಸೇಡಂರಸ್ತೆ_ಹುಡುಗ
ಅವ್ವ ತುಪ್ಪಕ್ಕೆ ಕೂಡಿಡುತ್ತಿದ್ದಾಳೆ ಅಕ್ಕಾ.

ತೊಗರಿ_ಕಣಜ
ಅಂಬಲಿಗೆ ಬಂದಿರಲ್ಲ, ಸಂತೋಷ. ಪುಡಿ ಮುಗಿದ ಮೇಲೆ ಅದೇ ಅಂಬಲಿಗೆ ಎರಡು ಚಮಚ ಪುಟಾಣಿ ಹಿಟ್ಟು ಹಾಕಿ ನೋಡಿ.

ಸುರಪುರ_ಸವಾರ
ಫ್ಲೇವರ್ ಇಲ್ಲದ್ದಕ್ಕೆ ಬದಲಾಯಿಸಿದರೆ ಆ ಚಾಕೊಲೇಟ್ ಡಬ್ಬಿ ಏನು ಮಾಡಿದಿರಿ? ಮಾರುತ್ತೀರಾ? ಅರ್ಧ ರೇಟ್‌ಗೆ ಕೊಟ್ಟರೆ ನಾನು ತಗೊಳ್ಳುತ್ತೇನೆ.

ಸೇಡಂರಸ್ತೆ_ಹುಡುಗ
ತಡವಾಯಿತು ಅಣ್ಣಾ. ನನ್ನ ತಮ್ಮ ದಿನಾ ಸಂಜೆ ಎಮ್ಮೆ ಹಾಲಿಗೆ ಎರಡು ಸ್ಕೂಪ್ ಹಾಕಿ, ಮೇಲೆ ಕೆನೆ ಹಾಕಿಸಿಕೊಂಡು ಕುಡಿದು ಮುಗಿಸುತ್ತಿದ್ದಾನೆ. ಎರಡು ಕೆಜಿ ಏರಿದ್ದಾನೆ. ಅವನು ಜಿಮ್‌ಗೆ ಹೋಗುವುದಿಲ್ಲ.